ಪಾಸ್ ನಡೆಯದ ಸಮುದ್ರ

ಅಪ್ಪ ಮದ್ರಾಸಿನ ಪೆರಂಬೂರಿನ ರೈಲು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಾವು ಕ್ವಾರ್ಟರ್ಸ್ ಖಾಲಿ ಮಾಡಿ ವೆಸ್ಟ್ ಮಾಂಬಲಂನ ಒಂದು ಬಾಡಿಗೆ ಫ್ಲ್ಯಾಟಿಗೆ ಬಂದೆವು. ಜೀವನವಿಡೀ ತಗಡು ಬಡಿಯುವ ಶಾಪಿನಲ್ಲಿ ನಿಂತು ಅವರ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿತ್ತು. ಇದಕ್ಕೆ ನಾವು ಒಗ್ಗಿಹೋಗಿದ್ದೆವು. ಅಮ್ಮ ಪ್ರತಿಯೊಂದನ್ನೂ ಎರಡು ಸಲ ಹೇಳುತ್ತಿದ್ದಳು. ಕಿವಿ ಸರಿಯಿದ್ದ ಮಗಳಿಗೂ, ಅಂದರೆ ನನಗೂ, ಎರಡು ಸಲ ಹೇಳುತ್ತಿದ್ದಳು.

ಹೊಸ ಮನೆಯಲ್ಲಿ ಕೇಬಲ್ ಟಿವಿ ಇತ್ತು. ಮಧ್ಯಾಹ್ನ ಅಮ್ಮ ಮಲಗಿದಾಗ ಅಪ್ಪ ಸದ್ದು ಪೂರ್ತಿ ತಗ್ಗಿಸಿ ಸಮುದ್ರದೊಳಗಿನ ಕಾರ್ಯಕ್ರಮಗಳನ್ನು ನೋಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ, "ನಾನು ಸ್ಕೂಬಾ ಕಲೀಬೇಕು ಅಂತ ಇದೀನಿ" ಅಂದರು.

ಅಮ್ಮ ಅದು ಯಾವುದೋ ಭಾಷೆ ಅಂದುಕೊಂಡಳು. "ಕಲೀರಿ. ಸುಮ್ಮಾ ಕೂತಿರೋದಕ್ಕಿಂತ ನಲ್ಲದು ತಾನೇ" ಎಂದು ಹುಳಿ ಬಡಿಸಿದಳು.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದು ಎಂದು ನಾನು ಬಿಡಿಸಿ ಹೇಳಿದೆ. ಅಮ್ಮ ಸೌಟು ಕೆಳಗಿಟ್ಟಳು.

"ಎದುಕು?"

"ಕೆಳಗೆ ಸದ್ದಿರಲ್ವಂತೆ."

"ನಿಮಗೆ ಮೇಲೇ ಏನೂ ಕೇಳ್ಸಲ್ವಲ್ರೀ."

"ನೀವು ಮಾತಾಡೋದು ಕೇಳ್ಸಲ್ಲ. ಶಾಪ್ ಮಾತ್ರ ಕೇಳ್ಸುತ್ತೆ" ಅಂದರು ಅಪ್ಪ. "ಇನ್ನೂ ನಿಂತಿಲ್ಲ. ಮಲಗಿದ್ರೂ ಒಳಗೆ ಓಡ್ತಾನೇ ಇರುತ್ತೆ."

ಅವರ ಕಿವಿಯೊಳಗೆ ಹೀಗೊಂದು ಸದ್ದು ಇದೆಯೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅಮ್ಮ ಮತ್ತೆ ಸೌಟು ತೆಗೆದುಕೊಂಡು, ಅವರು ಬೇಡವೆಂದರೂ ಇನ್ನಷ್ಟು ಹುಳಿ ಹಾಕಿದಳು.

ಮರುದಿನದಿಂದ ಎಲ್ಲಿ ಕಲಿಯುವುದು ಎಂಬ ಚರ್ಚೆ ಶುರುವಾಯಿತು. ಅಮ್ಮನ ಮಟ್ಟಿಗೆ ಅದು ಸುಲಭದ ಪ್ರಶ್ನೆ. ಪುಕ್ಕಟೆ ಓಡಾಡಲು ಅಪ್ಪನ ರೈಲ್ವೆ ಪಾಸ್ ಇದೆ, ರಾಮೇಶ್ವರದಲ್ಲಿ ಸಮುದ್ರವಿದೆ. ಅಪ್ಪ ಒಪ್ಪಲಿಲ್ಲ. "ಪಾಸ್ ನಡೆಯೋ ಕಡೆಯೆಲ್ಲ ನೋಡಿ ಆಯ್ತು. ಪಾಸ್ ನಡೆಯದೇ ಇರೋ ಕಡೆ ಹೋಗ್ಬೇಕು." ಅಂಡಮಾನಿನಲ್ಲೂ ಪಾಸ್ ನಡೆಯುವುದಿಲ್ಲ. ಆದರೆ ಅಲ್ಲಿಗೆ ಹೋಗಿಬರುವ ವಿಮಾನದ ದರದಲ್ಲಿ ಹೊರದೇಶವನ್ನೇ ನೋಡಬಹುದಿತ್ತು.

ನಾನು ಆಗ ಒಂದು ವಿಮಾ ಕಚೇರಿಯಲ್ಲಿದ್ದೆ. ಸಂಜೆ ಸ್ಟೇಷನ್ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಅಪ್ಪ ಬಂದು ನನಗಾಗಿ ಕಾಯುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ, ಅವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಥಾಯ್ಲೆಂಡ್, ಮಲೇಷ್ಯಾ, ಈಜಿಪ್ಟಿನ ಡೈವಿಂಗ್ ಅಂಗಡಿಗಳಿಗೆಲ್ಲ "ಕೈಂಡ್ಲಿ ಇಂಟಿಮೇಟ್" ಎಂದು ಶುರುವಾಗುವ ಮೇಲ್‌ಗಳು ಹೋದವು. ಅವರ ಕಿವುಡಿನಿಂದಾಗಿ ಈ ಪತ್ರವ್ಯವಹಾರ ನಮ್ಮಿಬ್ಬರ ಕೂಗಾಟದಲ್ಲೇ ನಡೆಯುತ್ತಿತ್ತು. ಹಾಗಾಗಿ ಅಕ್ಕಪಕ್ಕದ ಕಂಪ್ಯೂಟರುಗಳಲ್ಲಿ ಕೂತಿದ್ದ ಕಾಲೇಜು ಹುಡುಗರಿಗೂ ನಮ್ಮ ಬಜೆಟ್ ಗೊತ್ತಾಯಿತು. "ಅಂಕಲ್, ಥಾಯ್ಲೆಂಡ್ ದಾನ್ ಚೀಪ್" ಎಂದು ಒಬ್ಬ ಸಲಹೆಯನ್ನೂ ಕೊಟ್ಟ.

ಹುಡುಗ ಹೇಳಿದ್ದು ಸರಿಯಾಗಿತ್ತು. ಕೋರ್ಸು ಎಲ್ಲಕ್ಕಿಂತ ಅಗ್ಗ, ಉಳಿಯಲು ಗುಡಿಸಲು ಪುಕ್ಕಟೆ. ಅಮ್ಮ ತನ್ನ ಅಣ್ಣನನ್ನು ಕೇಳದೆ ಏನೂ ಮಾಡುವವಳಲ್ಲವಾದ್ದರಿಂದ ನಾವು ಮೂವರೂ ತ್ರಿಪ್ಲಿಕೇನಿನ ಸೋದರಮಾವನ ಮನೆಗೆ ಹೋದೆವು. ಮಾವ ಶಾಸ್ತ್ರ ಬಲ್ಲವರು. ಕಾಫಿ ಕುಡಿದು ಮುಗಿಸಿ, "ಭಾವ, ರಿಟೈರ್ ಆಗಿ ಮೂರು ತಿಂಗಳಾಗಿಲ್ಲ, ಥಾಯ್ಲೆಂಡಾ?" ಅಂದರು.

"ಸಮುದ್ರದೊಳಗೆ ಇಳಿಯೋದಕ್ಕೆ" ಅಂದರು ಅಪ್ಪ.

"ಹಾಗೇ ಹೇಳಿ. ಯಾರು ನಂಬ್ತಾರೆ?"

ಥಾಯ್ಲೆಂಡ್ ಅಲ್ಲಿಗೆ ಮುಗಿಯಿತು. ಮಲೇಷ್ಯಾದ ದ್ವೀಪಗಳು ನಾವು ಹೋಗಬಹುದಾದ ತಿಂಗಳಲ್ಲಿ ಮಳೆಗಾಲವೆಂದು ಬಾಗಿಲು ಹಾಕಿದ್ದವು. ಈಜಿಪ್ಟ್ ದೂರ. ಉಳಿದದ್ದು ಶ್ರೀಲಂಕಾ. ಅಲ್ಲಿ ಯುದ್ಧ ನಿಂತು ಕದನವಿರಾಮ ನಡೆಯುತ್ತಿತ್ತು. ವಿಮಾನ ಮದ್ರಾಸಿನಿಂದ ಎದ್ದು ತಿಂಡಿ ಕೊಡುವಷ್ಟರಲ್ಲಿ ಇಳಿಯುತ್ತದೆ. ವೀಸಾಕ್ಕೆ ಅಲೆಯಬೇಕಾಗಿರಲಿಲ್ಲ. ಅಮ್ಮನಿಗೆ ಇದ್ಯಾವುದೂ ಮುಖ್ಯವಾಗಲಿಲ್ಲ. "ಅಲ್ಲಿ ಅನ್ನ ತಿಂತಾರೆ. ಮುಳುಗ್ತಾ ಇದ್ರೆ ತಮಿಳಲ್ಲಿ ಕೂಗಿದ್ರೂ ಯಾರಾದ್ರೂ ಬರ್ತಾರೆ" ಅಂದಳು.

"ಆದ್ರೆ ಅಣ್ಣ, ಪರ್ವಕಾಲ ಬಿಟ್ಟು ಸಮುದ್ರ ಮುಟ್ಟಬಾರದಲ್ವಾ? ಅದೂ ಅಲ್ದೆ ಸಮುದ್ರ ದಾಟೋದು ಬೇರೆ" ಎಂದು ಅಮ್ಮನೇ ಮತ್ತೆ ಮಾವನನ್ನು ಕೇಳಿದಳು.

ಮಾವ ಯೋಚಿಸಿದರು. "ದಾಟಬಾರದು ಅಂತ ಇದೆ. ಅದನ್ನ ಈಗ ಯಾರೂ ನೋಡಲ್ಲ. ಅಡಿಯಲ್ಲಿ ಹೋಗೋದರ ಬಗ್ಗೆ ಏನೂ ಹೇಳಿಲ್ಲ." ನನ್ನ ಕಡೆ ತಿರುಗಿ, "ರಬ್ಬರ್ ಬಟ್ಟೆ ಹಾಕ್ತಾರಲ್ಲ?" ಎಂದು ಕೇಳಿದರು. ಹೌದೆಂದೆ. "ಹಾಗಾದ್ರೆ ಮೈಗೆ ತಾಕಲ್ಲ. ಪರವಾಗಿಲ್ಲ." ಆ ಬಟ್ಟೆಯೊಳಗೆ ನೀರು ಹೋಗುತ್ತದೆಂದು ನಾನು ಓದಿದ್ದೆ, ಆದರೆ ಆ ಮಾತು ಎತ್ತಲಿಲ್ಲ.

ಕಿವಿಯ ಡಾಕ್ಟರು ಮಾತ್ರ ಅಡ್ಡಿ ಮಾಡಬಹುದೆಂದು ಹೆದರಿದ್ದೆ. ಅವರು ದೀಪ ಹಿಡಿದು ನೋಡಿ, ಹಾಳಾಗಿರುವುದು ಒಳಗಿನ ನರ, ಪರದೆ ಚೆನ್ನಾಗಿದೆ, ನೀರಿನ ಒತ್ತಡ ತಡೆಯುತ್ತದೆ ಅಂದರು. ಶಾಪಿನ ಸದ್ದಿಗೆ ಔಷಧಿ ಇದೆಯಾ ಎಂದು ಅಪ್ಪ ಕೇಳಿದರು. ಇಲ್ಲ, ಅಭ್ಯಾಸ ಮಾಡಿಕೊಳ್ಳಬೇಕು ಎಂಬ ಉತ್ತರ ಬಂತು.

ಶ್ರೀಲಂಕಾಕ್ಕೆ ಅಪ್ಪ, ನಾನು ಇಬ್ಬರೇ ಹೊರಟೆವು, ಅಮ್ಮ ಬರಲಿಲ್ಲ. ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟು, ಎರಡು ಸಲ ಹುಷಾರು ಹೇಳಿ ಕಳಿಸಿದಳು.

ಅಲ್ಲಿನ ಕಡಲತೀರದ ಊರು ಹಿಕ್ಕಡುವದ ಡೈವಿಂಗ್ ಅಂಗಡಿ ಒಂದು ಅತಿಥಿಗೃಹದ ಹಿತ್ತಲಲ್ಲಿತ್ತು. ಕಲಿಸುವವಳು ಅಲ್ಲಿಯೇ ನೆಲೆಸಿದ್ದ ಜರ್ಮನ್ ಹೆಂಗಸು. ಕಲಿಯಲು ಅಪ್ಪನ ಜೊತೆಗೆ ಇಬ್ಬರು ವಿದೇಶಿ ತರುಣರಿದ್ದರು. ಅಪ್ಪನಿಗೆ ಈಜು ಬರುತ್ತಿತ್ತು. ಹೊಸೂರಿನ ಹತ್ತಿರ ಅವರ ಅಜ್ಜಿಯ ಊರಿನ ಬಾವಿಯಲ್ಲಿ ಚಿಕ್ಕಂದಿನಲ್ಲೇ ಕಲಿತಿದ್ದರು. ಕೈಸನ್ನೆಗಳೂ ಕಷ್ಟವಾಗಲಿಲ್ಲ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ತರುಣರು ಖುಷಿಯಾದಾಗಲೆಲ್ಲ ಹೆಬ್ಬೆರಳು ಎತ್ತಿ, ಪ್ರತಿ ಸಲವೂ ಮೇಲಕ್ಕೆ ಬರಬೇಕಾಯಿತು. "ಶಾಪಲ್ಲಿ ಕ್ರೇನ್‌ನವನಿಗೂ ಅದೇ ಸನ್ನೆ ಕಣೇ" ಅಂದರು ಅಪ್ಪ.

ಕಷ್ಟವಾಗಿದ್ದು ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ. ಅದಕ್ಕೆ ಬೇಕೆಂದೇ ನೀರು ತುಂಬಿಸಿಕೊಂಡು, ಮೂಗಿನಿಂದ ಊದಿ ಖಾಲಿ ಮಾಡಬೇಕು. ಅಪ್ಪ ಊದುವ ಬದಲು ಎಳೆದುಕೊಂಡರು. ಸೊಂಟದಷ್ಟು ನೀರಿನಲ್ಲಿ ಧಡಕ್ಕನೆ ಎದ್ದು, ಕೆಮ್ಮುತ್ತಾ ದಡಕ್ಕೆ ಬಂದು ಮರಳಿನ ಮೇಲೆ ಕೂತರು. ಮುಖ ಬಿಳಿಚಿತ್ತು.

"ಅಪ್ಪಾ, ಸಾಕು. ಬಿಟ್ಬಿಡಿ" ಎಂದು ಬಲಗಿವಿಯ ಹತ್ತಿರ ಹೇಳಿದೆ.

ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಮತ್ತೆ ನೀರು ತುಂಬಿಸಿಕೊಂಡರು. ಸಂಜೆಯ ಹೊತ್ತಿಗೆ ಊದುವುದು ಬಂತು.

ದೋಣಿಯಲ್ಲಿ ಹೋಗಿ ಇಳಿಯುವ ದಿನ ನಾನೂ ಹೋಗಿದ್ದೆ. ಅಪ್ಪ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ದೋಣಿಯಂಚಿನಿಂದ ಹಿಂದಕ್ಕೆ ಬಿದ್ದರು. ಆಮೇಲೆ ಕಾಣಿಸಿದ್ದು ಗುಳ್ಳೆಗಳು ಮಾತ್ರ. ನಾಲ್ಕು ಜನರ ಗುಳ್ಳೆಗಳಲ್ಲಿ ಅಪ್ಪನದು ಯಾವುದೆಂದು ಹುಡುಕುತ್ತಾ ಕೂತೆ. ದೋಣಿಯವನು ಬಿಸ್ಕತ್ತು ಕೊಟ್ಟ, ಬೇಡವೆಂದೆ. ಗುಳ್ಳೆಗಳು ದೂರ ಹೋದವು, ಕಾಣದಾದವು, ಇನ್ನೊಂದು ಕಡೆ ಬಂದವು. ಕೊನೆಗೆ ಅಪ್ಪನ ತಲೆ ಮೇಲೆ ಬಂದಾಗ ನಾನು ಆ ಕನ್ನಡಕವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಒಂದು ಕಡ್ಡಿ ಬಾಗಿತ್ತು.

"ಮೀನು ನೋಡಿದ್ರಾ?" ಎಂದು ಕೂಗಿದೆ.

"ಬಣ್ಣ ಬಣ್ಣವಾಗಿತ್ತು. ಕನ್ನಡಕ ಇಲ್ದೆ ಯಾವುದು ಏನು ಅಂತ ಗೊತ್ತಾಗ್ಲಿಲ್ಲ."

"ಸದ್ದು?"

ಅಪ್ಪ ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡಿಕೊಂಡರು. "ಸದ್ದಿರಲ್ಲ ಅನ್ನೋದು ಸುಳ್ಳು. ಉಸಿರು ಬಿಟ್ಟಾಗೆಲ್ಲ ಗುಳುಗುಳು ಗುಳುಗುಳು. ತಲೆಯೊಳಗೇ ಕೇಳ್ಸುತ್ತೆ."

ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನನ್ನ ಮುಖ ಸಪ್ಪಗಾಗಿರಬೇಕು.

"ಅದಕ್ಕೆ ಬೇಜಾರಿಲ್ಲ" ಅಂದರು. "ಅದು ಕೇಳೋವಾಗ ಶಾಪ್ ಕೇಳ್ಸಲಿಲ್ಲ."

ಉಳಿದ ಡೈವ್‌ಗಳನ್ನೂ ಮುಗಿಸಿ, ಪರೀಕ್ಷೆ ಪಾಸಾಗಿ ಮದ್ರಾಸಿಗೆ ಮರಳಿದೆವು. ಮತ್ತೆ ಯಾವಾಗ ಹೋಗುವುದು ಎಂದು ನಾನು ಕೇಳಿದಾಗಲೆಲ್ಲ ಅಪ್ಪ "ನೋಡೋಣ" ಅನ್ನುತ್ತಿದ್ದರು. ಒಂದು ವಾರವಾದ ಮೇಲೆ ಬೆಳಿಗ್ಗೆ ಹೊರಟವರು ಮೀನು ಸಾಕುವವರ ಅಂಗಡಿಗಳಿರುವ ಕೊಳತ್ತೂರಿಗೆ ಹೋಗಿ, ಒಂದು ಗಾಜಿನ ತೊಟ್ಟಿ ಮತ್ತು ಗಾಳಿ ಬಿಡುವ ಪುಟ್ಟ ಮೋಟಾರನ್ನು ಆಟೋದಲ್ಲಿ ತಂದರು. ತೊಟ್ಟಿಗೆ ನೀರು ತುಂಬಿಸಿ, ತಮ್ಮ ಮಂಚದ ತಲೆಯ ಕಡೆ ಬಲಗಿವಿಗೆ ತೀರಾ ಹತ್ತಿರ ಇಟ್ಟುಕೊಂಡು ಮೋಟಾರು ಹಾಕಿದರು. ಅವತ್ತು ಮಧ್ಯಾಹ್ನ ಅವರು ಟಿವಿ ಹಾಕಲಿಲ್ಲ. ಗೊರಕೆ ಹೊಡೆಯುತ್ತಾ ಮಲಗಿದ್ದರು.

ಆ ಸದ್ದಿಗೆ ಅಮ್ಮನಿಗೆ ನಿದ್ದೆ ಬಾರದೆ ಅವಳು ಹಾಲಿಗೆ ಬಂದು ಮಲಗತೊಡಗಿದಳು. ಮೋಟಾರು ಆರಿಸಿ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಮನೆಗೆ ಬಂದವರು ತೊಟ್ಟಿಯನ್ನು ಇಣುಕಿ, "ಏನ್ರೀ ಮಾಮಿ, ಇದರಲ್ಲಿ ಮೀನೇ ಇಲ್ವಲ್ಲ?" ಎಂದು ಕೇಳುತ್ತಿದ್ದರು.

"ಕನ್ನಡಕ ತೆಗೆದು ಮಲಗಿದ್ರೆ ಮೀನು ಅವರಿಗೆ ಕಾಣ್ಸಲ್ಲ. ಗುಳುಗುಳು ಇದ್ರೆ ಪೋದುಂ, ಅಷ್ಟೇ ಸಾಕು" ಎಂದು ಅಮ್ಮ ಎರಡು ಸಲ ಹೇಳಿ, ಕಾಫಿ ಮಾಡಲು ಒಳಗೆ ಹೋಗುತ್ತಿದ್ದಳು.