ಮುಂಜಾನೆ ಖಾಲಿ ಎಂದು ಬರೆದ ಜಾಗ

ಕಾಲೇಜಿನಲ್ಲಿ ನನ್ನ ಮುಖ್ಯ ವಿಷಯ ಭೂಗೋಳ. ಅದರ ಜೊತೆಗೆ ಒಂದು ಮೈನರ್ ತೆಗೆದುಕೊಳ್ಳಲೇಬೇಕೆಂದು ಹೇಳಿದ್ದರಿಂದ, ಇದ್ದ ಮೂರರಲ್ಲಿ ಗಣಿತವಿಲ್ಲದ್ದು ಯಾವುದೆಂದು ಹುಡುಕಿ ಸುಸ್ಥಿರ ನಗರಾಭಿವೃದ್ಧಿಯನ್ನು ಆರಿಸಿಕೊಂಡೆ. ಊರು ಉದ್ಧಾರ ಮಾಡುವ ಹುಚ್ಚೇನೂ ನನಗಿರಲಿಲ್ಲ. ನಮ್ಮ ಜತ್ತ ಮಹಾರಾಷ್ಟ್ರದಲ್ಲಿರುವುದರಿಂದ ಕಾಲೇಜಿನಲ್ಲಿ ಅದಕ್ಕೆ ಮರಾಠಿಯಲ್ಲಿ ಶಾಶ್ವತ ನಗರ ವಿಕಾಸ ಎನ್ನುತ್ತಿದ್ದರು. ಮನೆಗೆ ಬಂದು ಹೇಳಿದಾಗ ಅಪ್ಪ ಗಾದಿಗೆ ಹೊಲಿಗೆ ಹಾಕುತ್ತಿದ್ದರು.

"ಶಾಶ್ವತ ಅಂದ್ರ ಏನ್ ಬೇಟಾ?"

"ಮೊಮ್ಮಕ್ಕಳ ತನಾ ಬಾಳಿಕಿ ಬರೂ ಹಂಗ ಊರ ಕಟ್ಟೂದ್ರಿ ಅಬ್ಬಾ."

"ಹಂಗಾದ್ರ ಗಾದಿ ಇದ್ದಂಗ. ಎರಡ ಮೂರ ವರ್ಷಕ್ಕೊಮ್ಮಿ ಬಿಚ್ಚಿ ಹಿಂಜಿದ್ರ ಮೊಮ್ಮಕ್ಕಳೂ ಮಲಗ್ತಾರ. ಇಷ್ಟಕ್ಕ ಕಾಲೇಜ್ ಯಾಕ ಬೇಕಿತ್ತು?" ಎಂದು ನಕ್ಕರು. ನನಗೆ ಸಿಟ್ಟು ಬಂತು. ಓದು ಬರಹ ನಾಲ್ಕನೇ ಇಯತ್ತೆಗೆ ಬಿಟ್ಟವರು ನನಗೆ ಸಿಲೆಬಸ್ ಹೇಳಿಕೊಡುತ್ತಾರಲ್ಲ ಎಂದು.

ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ನಮ್ಮ ಮನೆತನದ ಕಸುಬು. ಜತ್ತದ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಹಳೆಯ ಗೋದಾಮಿನ ಎತ್ತರದ ಗೋಡೆಯೊಂದಿದೆ. ಅದರ ಬುಡದಲ್ಲಿ ಅಪ್ಪನ ಜಾಗ. ಅಪ್ಪನದು ಎಂದರೆ ಅರ್ಧ ದಿನದ ಮಟ್ಟಿಗೆ ಮಾತ್ರ. ಮುಂಜಾನೆ ಅಲ್ಲಿ ಗೋಡೆಯ ನೆರಳು ಬೀಳುತ್ತದೆ. ಆಗ ವಳಸಂಗದಿಂದ ಮೊದಲ ಎಸ್‌ಟಿ ಬಸ್ಸಿಗೆ ಬರುವ ಒಬ್ಬ ಹೆಂಗಸು ಮೆಂತ್ಯ, ರಾಜಗಿರಿ, ಕೊತ್ತಂಬರಿಯ ಸೂಡುಗಳನ್ನು ಹರವಿಕೊಂಡು ಕೂರುತ್ತಿದ್ದಳು. ಮಧ್ಯಾಹ್ನ ಬಿಸಿಲು ಗೋಡೆ ದಾಟಿ ಬಂದರೆ ಸೊಪ್ಪು ಬಾಡುತ್ತದೆ, ಹತ್ತಿಗೆ ಬೇಕಾದದ್ದೇ ಆ ಬಿಸಿಲು. ಅವಳು ಉಳಿದ ಸೂಡುಗಳನ್ನು ಬುಟ್ಟಿಗೆ ತುಂಬಿ, ಜಾಗ ಗುಡಿಸಿ, ನೆಲ ಒಣಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ ಏಳುತ್ತಿದ್ದಳು. ಹಸಿ ನೆಲದ ಮೇಲೆ ಸುರಿದ ಹತ್ತಿ ಗಂಟುಗಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ನನ್ನ ಅಜ್ಜಿಯೂ ಅವಳ ಅತ್ತೆಯೂ ಮಾಡಿಕೊಂಡಿದ್ದ ಬಾಯಿಮಾತಿನ ಕರಾರು ಅದು. ಕಾಗದವಿರಲಿಲ್ಲ, ಒಂದು ದಿನ ಜಗಳವೂ ಇರಲಿಲ್ಲ.

ಅಪ್ಪ ಅವಳನ್ನು ಅಕ್ಕಾ ಎನ್ನುತ್ತಿದ್ದರು. ಆ ಲೆಕ್ಕಕ್ಕೆ ನನಗೆ ಅತ್ತೆಯಾಗಬೇಕು. ಆದರೆ ಪೇಟೆಯವರೆಲ್ಲ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದುದರಿಂದ ನನಗೂ ಮಾವಶಿಯೇ. ನಾನು ಕಾಲೇಜಿಗೆ ಹೋಗುವ ದಾರಿ ಅವಳ ಮುಂದೆಯೇ. "ಏನ್ ಸಾಹೇಬಾ, ಇವತ್ತರ ಪಾಸ್ ಆಗ್ತೀ?" ಎಂದು, ಹುಡುಗಿಯಾದ ನನ್ನನ್ನು ಸಾಹೇಬನೆಂದೇ ಕರೆದು ದಿನಾ ಕಾಡಿಸುತ್ತಿದ್ದಳು. ಮೊಣಕಾಲು ನೋವಿನಿಂದ ಒಮ್ಮೆ ಕೂತರೆ ಏಳುವುದು ಅವಳಿಗೆ ಕಷ್ಟವಿತ್ತು. ಕೂತು ಮಾರುವ ಜಾಗ ಇತ್ತೆಂದೇ ಆ ವಯಸ್ಸಿನಲ್ಲೂ ಅವಳ ವ್ಯಾಪಾರ ನಡೆದಿತ್ತು.

ಎರಡನೆಯ ಸೆಮಿಸ್ಟರಿನಲ್ಲಿ ನಮಗೆ ಪೇಟೆಯ ಬೀದಿ ವ್ಯಾಪಾರಿಗಳ ಸರ್ವೇ ಕೊಟ್ಟರು. ನಮ್ಮ ಪಟ್ಟಿ ಪುರಸಭೆಯ ಕಚೇರಿಗೆ ಹೋಗುತ್ತದೆ, ಅದರ ಮೇಲೆಯೇ ವ್ಯಾಪಾರಿಗಳಿಗೆ ಜಾಗದ ಕಾರ್ಡು ಸಿಗುತ್ತದೆ ಎಂದು ಸರ್ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು: ಒಂದೇ ಜಾಗಕ್ಕೆ ಇಬ್ಬರ ಹೆಸರು ಬಂದರೆ ಅದನ್ನು ತಂಟೆಯ ಜಾಗವೆಂದು ಪಕ್ಕಕ್ಕಿಡುತ್ತಾರೆ, ಅದರ ತೀರ್ಮಾನ ಯಾವಾಗ ಆಗುತ್ತದೋ ಹೇಳಲಾಗದು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮುಂಜಾನೆ ಕ್ಲಾಸು ಇರುತ್ತಿದ್ದುದರಿಂದ ಸರ್ವೇಗೆ ನಾವು ಹೋಗುತ್ತಿದ್ದುದು ಮಧ್ಯಾಹ್ನ. ಮುಂಜಾನೆಯ ವ್ಯಾಪಾರಿಗಳು ಅಷ್ಟರಲ್ಲಿ ಬುಟ್ಟಿ ಎತ್ತಿಕೊಂಡು ಹೋಗಿರುತ್ತಿದ್ದರು. ನನ್ನ ಜೊತೆಯ ಹುಡುಗಿಯರು ತಿಳಿಯದೆ ಕೆಲವರನ್ನು ಬಿಟ್ಟಿರಬಹುದು. ನಾನು ತಿಳಿದೇ ಬಿಟ್ಟೆ. ಅಪ್ಪನ ಫಾರ್ಮು ತುಂಬುವಾಗ ಅವರು ಹತ್ತಿಯಿಂದ ತಲೆಯೆತ್ತದೆ ಹೇಳಿದ್ದರು, "ಅಕ್ಕಂದೂ ಬರಕೋ, ಮರೀಬ್ಯಾಡ."

"ಬರಕೋತೀನ್ರಿ."

ಬರೆಯಲಿಲ್ಲ. ಮಧ್ಯಾಹ್ನದ ಕಾಲಂನಲ್ಲಿ ಅಪ್ಪನ ಹೆಸರು ಬರೆದು, ಮುಂಜಾನೆಯ ಕಾಲಂನಲ್ಲಿ ರಿಕಾಮಿ, ಅಂದರೆ ಖಾಲಿ ಎಂದು ಬರೆದೆ. ಸಣ್ಣ ಮಾತು, ಬರೆಯಲು ಹೊತ್ತೂ ಹಿಡಿಯಲಿಲ್ಲ. ಅದೇ ವಾರ ಕ್ಲಾಸಿನಲ್ಲಿ, ಒಂದೇ ಜಾಗವನ್ನು ಹಲವರು ಹೊತ್ತು ಹಂಚಿಕೊಂಡು ಬಳಸುವುದು ಸುಸ್ಥಿರ ಊರಿನ ಲಕ್ಷಣ ಎಂದು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದುಕೊಂಡಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅಪ್ಪನಿಗೆ ಕಾರ್ಡು ಸಿಕ್ಕರೆ ಮಾವಶಿ ಮೊದಲಿನಂತೆ ಕೂರುತ್ತಾಳೆ, ಯಾರು ಬೇಡ ಅನ್ನುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೆಲವು ದಿನಗಳ ಮೇಲೆ, ಆಕ್ಷೇಪಣೆ ಇದ್ದವರು ಬಂದು ಹೇಳಿ ಎಂದು ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ಮಾವಶಿಗೆ ಓದಲು ಬರುತ್ತಿರಲಿಲ್ಲ. ಕಾಲೇಜಿಗೆ ಹೊರಟವಳನ್ನು ನಿಲ್ಲಿಸಿ ಕೇಳಿದಳು, "ನನ್ನ ಹೆಸರ ಬಂದದೇನ ನೋಡವಾ, ನೀ ಸಾಲಿ ಕಲತಾಕಿ."

"ಪೂರ್ತಿ ಪಟ್ಟಿ ಇನ್ನಾ ಬಂದಿಲ್ರಿ ಮಾವಶಿ," ಎಂದೆ. ಫಾರ್ಮಿನಲ್ಲಿ ಬರೆದದ್ದು ಹೆದರಿಕೆಯಿಂದ ಎಂದು ಈಗಲೂ ವಾದಿಸಬಲ್ಲೆ. ಈ ಸುಳ್ಳಿಗೆ ಯಾವ ವಾದವೂ ನನ್ನ ಹತ್ತಿರ ಇಲ್ಲ. ಅವಳು ನನ್ನ ಚೀಲಕ್ಕೆ ಒಂದು ಕೊತ್ತಂಬರಿ ಸೂಡು ತುರುಕಿದಳು. ಅವ್ವ ಅದನ್ನು ಚಟ್ನಿ ಮಾಡಿದಳು, ನಾನು ತಿಂದೆ.

ಆಕ್ಷೇಪಣೆಯ ದಿನಗಳು ಮುಗಿದವು. ಗೋಡೆಯ ಬುಡದಲ್ಲಿ ಹಳದಿ ಬಣ್ಣದ ಚೌಕ ಬಿತ್ತು, ಅಪ್ಪನಿಗೆ ಫೋಟೋ ಅಂಟಿಸಿದ ಕಾರ್ಡು ಬಂತು. ಅದರ ಹಿಂದೆ ಒಂದು ನಿಯಮವಿತ್ತು: ಚೌಕದಲ್ಲಿ ಬೇರೆ ಯಾರಾದರೂ ವ್ಯಾಪಾರ ಮಾಡಿದ್ದು ಕಂಡರೆ ಕಾರ್ಡು ರದ್ದು. ನಾನು ಹೇಳಿಕೊಂಡಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಅಪ್ಪ ನಿಯಮ ಓದಿಯೂ, "ಕುಂದರ ಅಕ್ಕಾ, ನೋಡೂಣು," ಎಂದರು. ನಾಲ್ಕು ದಿನಕ್ಕೆ ಕಚೇರಿಯವರು ಬಂದು ಎಚ್ಚರಿಕೆ ಕೊಟ್ಟರು. ಮರುದಿನದಿಂದ ಮಾವಶಿ ತಾನಾಗಿಯೇ ಕೂರಲಿಲ್ಲ. "ನನ್ನ ಸಲುವಾಗಿ ನಿನ್ನ ಹೊಟ್ಟಿ ಮ್ಯಾಲ ಯಾಕ ಹೊಡ್ಕೋತಿ ತಮ್ಮಾ," ಎಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಓಣಿ ಓಣಿ ತಿರುಗತೊಡಗಿದಳು. ಆ ಮೊಣಕಾಲಿನಲ್ಲಿ. ನಮ್ಮ ಓಣಿಯಲ್ಲಿ ಅವಳ ದನಿ ಕೇಳಿದರೆ ನಾನು ಒಳಗಿನ ಖೋಲಿಗೆ ಹೋಗಿ ಪುಸ್ತಕ ಹಿಡಿಯುತ್ತಿದ್ದೆ.

ಇನ್ನೂ ಕೆಟ್ಟದ್ದೆಂದರೆ ಅಪ್ಪ ಸುಮ್ಮನಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಕಚೇರಿಗೆ ಹೋಗಿ, "ನನ್ನ ಮಗಳು ಇಬ್ಬರದೂ ಬರದು ಕೊಟ್ಟಾಳ್ರಿ, ನಿಮ್ಮ ಕಡೇನಽ ಒಂದ ಹೆಸರ ಬಿಟ್ಟದ," ಎಂದು ವಾದಿಸಿ ಬರುತ್ತಿದ್ದರು. ಊಟಕ್ಕೆ ಕೂತಾಗ ಅದನ್ನೇ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಯಾರೂ ಕೇಳದಿದ್ದರೂ ನಾನು, "ಅವರು ಕಂಪ್ಯೂಟರಿಗೆ ಹಾಕೂ ಮುಂದ ತಪ್ಪಿರಬೇಕ್ರಿ," ಎನ್ನುತ್ತಿದ್ದೆ.

ಕೊನೆಗೆ ಒಂದು ದಿನ ಅಪ್ಪ ನನ್ನನ್ನೂ ಮಾವಶಿಯನ್ನೂ ಕರೆದುಕೊಂಡೇ ಹೋದರು. ಮರುದಿನ ನನಗೆ ಮೈನರ್ ವಿಷಯದ ಪರೀಕ್ಷೆ. ಓದುವುದಿದೆ ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಎರಡ ಮಾತ ಹೇಳಿ ಬಾ, ಸಾಕು," ಎಂದರು.

ಕ್ಲಾರ್ಕು ಬೇಸರದಿಂದಲೇ ಫೈಲು ತೆಗೆದು ನನ್ನ ಫಾರ್ಮನ್ನು ಟೇಬಲ್ಲಿನ ಮೇಲಿಟ್ಟ. ಅಪ್ಪ ಓದುವ ಚಾಳೀಸು ಕಣ್ಣಿಗೆ ಹಾಕಿಕೊಂಡು ಬೆರಳಿಟ್ಟು ಓದಿದರು. ಬೆರಳು ಮುಂಜಾನೆಯ ಕಾಲಂನ ಮೇಲೆ ನಿಂತಿತು. ನನ್ನ ಅಕ್ಷರ ಅವರಿಗೆ ಗೊತ್ತು, ಗಿರಾಕಿಗಳ ಹೆಸರು ಬರೆದುಕೊಡುವವಳು ನಾನೇ.

"ಸುಳ್ಳ ಬರದಾರ ಅಂದ್ರ ಕಾಲೇಜಿಗೆ ತಿಳಸಬೇಕಾಗ್ತದ್ರಿ," ಎಂದ ಕ್ಲಾರ್ಕು. "ಯಾರ್ ಬರದದ್ದಿದು?"

ಅಪ್ಪ ನನ್ನ ಕಡೆ ನೋಡಲಿಲ್ಲ. ಚಾಳೀಸು ತೆಗೆದು ಜೇಬಿಗಿಟ್ಟರು. "ಹುಡುಗಿದೇನ ತಪ್ಪಿಲ್ರಿ. ನಾನಽ ಹಂಗ ಬರಸೀನಿ."

ಮಾವಶಿ ಪಕ್ಕದಲ್ಲೇ ನಿಂತಿದ್ದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೆಲ್ಲಗೆ ಹೇಳಿದಳು, "ಇಷ್ಟ ದಿವಸ ನನ್ನ ಸಂಗಾಟ ಓಡ್ಯಾಡಿದ್ದೂ ನಾಟಕಾನ ಹಂಗಾರ. ನಿಮ್ಮವ್ವ ಇದ್ದಿದ್ರ ನಿನ್ನ ಮಾರಿ ನೋಡ್ತಿದ್ದಿಲ್ಲ ತಮ್ಮಾ."

ಅಪ್ಪ ತಲೆ ತಗ್ಗಿಸಿದರು. ನಾನು ಬಾಯಿ ತೆರೆಯಬೇಕಾದ ಹೊತ್ತು ಅದು. ತೆರೆಯಲಿಲ್ಲ. ಕಾಲೇಜಿಗೆ ತಿಳಿಸುತ್ತಾರೆ ಎಂಬ ಒಂದೇ ಮಾತು ಕಿವಿಯಲ್ಲಿ ಕೂತಿತ್ತು. ಹೊಸ ಸರ್ವೇ ಬರುವ ತನಕ ಏನೂ ಮಾಡಲಾಗದೆಂದು ಕ್ಲಾರ್ಕು ಫೈಲು ಮುಚ್ಚಿದ. ಮಾವಶಿ ನಮ್ಮನ್ನು ಬಿಟ್ಟು ಮುಂದೆ ಹೋದಳು. ದಾರಿಯಲ್ಲಿ ಅಪ್ಪ ಕೇಳಿದ್ದು ಇಷ್ಟೇ, "ನಾಳೆ ಪೇಪರ್ ಎಷ್ಟಕ್ಕದ?" ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪರೀಕ್ಷೆಯಲ್ಲಿ ಸಾರ್ವಜನಿಕ ಜಾಗದ ಹಂಚಿಕೆಯ ಬಳಕೆಯನ್ನು ಸ್ಥಳೀಯ ಉದಾಹರಣೆಯೊಂದಿಗೆ ವಿವರಿಸಿ ಎಂಬ ಪ್ರಶ್ನೆ ಬಂತು. ನನಗೆ ಬೇರೆ ಉದಾಹರಣೆ ಹೊಳೆಯಲಿಲ್ಲ. ನೆರಳು, ಬಿಸಿಲು, ಸೊಪ್ಪು, ಹತ್ತಿ, ನೆಲ ಮುಟ್ಟಿ ನೋಡುವ ಅಂಗೈ, ಎಲ್ಲವನ್ನೂ ಬರೆದೆ. ಹಂಚಿಕೆ ಮುರಿದದ್ದು ಹೇಗೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಪೇಪರು ತಿದ್ದಿದ ಮೇಲೆ ಸರ್ ಆ ಉತ್ತರವನ್ನು ಕ್ಲಾಸಿನಲ್ಲಿ ಓದಿ, "ಪೇಟಿ ನೋಡೂದಂದ್ರ ಹಿಂಗ ನೋಡಬೇಕು," ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ನನ್ನ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ, ಮುಂದಿನ ಕ್ಲಾಸಿಗೆ ಕೂರದೆ ಚೀಲ ಎತ್ತಿಕೊಂಡು ಹೊರಬಿದ್ದೆ.

ಮಾವಶಿ ನಮ್ಮ ಓಣಿಗೆ ಬರುವುದನ್ನು ಬಿಟ್ಟಿದ್ದಳು. ಹುಡುಕಿಕೊಂಡು ಹೋದಾಗ ಹಿಂದಿನ ಓಣಿಯಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತು, ಸೊಪ್ಪು ಅರ್ಧ ಬಾಡಿತ್ತು.

"ಮಾವಶಿ, ಅಬ್ಬಾ ಬರಸಿಲ್ರಿ. ನಿಮ್ಮ ಹೆಸರ ಬರಿ ಅಂದಿದ್ರು. ನಾನಽ ಬಿಟ್ಟೆ. ಪಟ್ಟಿ ಕೇಳಿದಾಗೂ ಸುಳ್ಳ ಹೇಳಿದೆ."

ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವಳು ಕೇಳಿದ್ದು ಬೇರೆಯೇ. "ಅಂವ ಬರಸಿಲ್ಲಾ?"

"ಇಲ್ರಿ."

"ಅಯ್ಯ ಶಿವನ, ಅವಗ ನಾ ಎಂಥಾ ಮಾತ ಅಂದೆ," ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೆಟ್ಟಿಲು ಹಿಡಿದು ಎದ್ದಳು. ಬುಟ್ಟಿಗೆ ಕೈ ಹಚ್ಚಲು ಬಗ್ಗಿದೆ. ಅವಳು ನನ್ನ ಕೈ ಸರಿಸಿ, ಆ ಮನೆಯ ಹೆಂಗಸನ್ನು ಕೂಗಿ ಕರೆದು, ಬುಟ್ಟಿ ತಲೆಯ ಮೇಲೆ ಎತ್ತಿಸಿಕೊಂಡಳು. ಗೋಡೆಯ ಕಡೆಗೆ ಹೊರಟಳು. ಆ ಹೊತ್ತಿಗೆ ಅಪ್ಪ ಅಲ್ಲೇ ಇರುತ್ತಿದ್ದರು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆ ಇಟ್ಟೆ.

"ನೀ ಬರಬ್ಯಾಡ," ಎಂದಳು, ತಿರುಗಿ ನೋಡದೆ.

ನಾನು ಹೋಗಲಿಲ್ಲ. ಅವರಿಬ್ಬರೂ ಅಲ್ಲಿ ಏನು ಮಾತಾಡಿದರೋ, ಇವತ್ತಿಗೂ ನನಗೆ ಯಾರೂ ಹೇಳಿಲ್ಲ.