ವೈಜನಾಥ ಕಾಕಾನ ಹತ್ತು ವಾಕ್ಯ

ವೈಜನಾಥರಾಯರ ಕೆಂಪು ಪೆನ್ಸಿಲ್ಲಿಗೆ ಹೆದರದವರು ನಮ್ಮ ಮಲ್ಕಾಜ್‌ಗಿರಿಯಲ್ಲಿ ಯಾರೂ ಇರಲಿಲ್ಲ. ನಾಂಪಲ್ಲಿಯ ಕಚೇರಿಯೊಂದರಲ್ಲಿ ನಿಜಾಮರ ಕಾಲದ ಫಾರಸಿ ಕಾಗದಗಳನ್ನು ಓದಿ ಅನುವಾದಿಸುವುದು ಅವರ ನೌಕರಿ. ಬೀದರಿನ ಕಡೆಯವರು, ನಮ್ಮ ಪಕ್ಕದ ಮನೆ, ನನಗೆ ಕಾಕಾ. ಲಗ್ನಪತ್ರಿಕೆ ಕೊಟ್ಟರೂ ಮೊದಲು ತಪ್ಪು ತಿದ್ದಿ, ಆಮೇಲೆ ಹರಸುವ ಮನುಷ್ಯ.

೧೯೭೮ರ ಜನವರಿಯಲ್ಲಿ ನಾನೂ ಅಂಥದೇ ನೌಕರಿಯ ಆಸೆಗೆ ಬಿದ್ದು, ಭಾನುವಾರ ಅವರ ಬಳಿ ಫಾರಸಿ ಕಲಿಯಲು ಹೋದೆ.

"ರಫ್ತ್ ಅಂದ್ರ ಹೋದ. ಅದರ ಮುಂದೊಂದು ಮೀ ಹಚ್ಚು. ಮೀ-ರಫ್ತ್, ಹೋಗ್ತಿದ್ದ."

ಪುಸ್ತಕದ ಉದಾಹರಣೆ ಅವರಿಗೆ ಆಗದು. ಯಾವುದಾದರೂ ಒಂದು ಮಧ್ಯಾಹ್ನ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಹತ್ತು ವಾಕ್ಯ ಬರೆದು ತರಬೇಕು. ಕಲಿಯಲು ಬಂದವರಿಗೆಲ್ಲ ಇದೇ ಶಿಕ್ಷೆ.

"ಮೊದಲ ನೀವೊಂದು ಹೇಳ್ರಿ ಕಾಕಾ," ಎಂದೆ, ಸುಮ್ಮನೆ ಕೆಣಕಲು.

ಅವರು ಕಿಟಕಿಯ ಕಡೆ ನೋಡಿದರು. "ನನ್ನ ಹತ್ರ ಇಲ್ಲವ್ವಾ. ಆ ದಿನ ನಿಮ್ಮ ಕಾಕು ಏನು ಮಾಡ್ಲಿಕ್ಕೆ ಹತ್ತಿದ್ಲೋ ನನಗ ಗೊತ್ತಿಲ್ಲ. ಸಿಟ್ಟಿನಾಗ ಹೋದ್ಲು, ಅಷ್ಟ ಗೊತ್ತು."

ಹದಿನೇಳು ವರ್ಷದ ಹಿಂದೆ, ಇದೇ ಜನವರಿ. ನಾಂಪಲ್ಲಿಯ ಮೈದಾನದಲ್ಲಿ ವರ್ಷವರ್ಷವೂ ನಡೆಯುವ ನುಮಾಯಿಷ್ ಎಂಬ ವಸ್ತುಪ್ರದರ್ಶನಕ್ಕೆ ಕರೆದೊಯ್ಯಿರೆಂದು ಕೃಷ್ಣಾಬಾಯಿ ಕಾಕು ಹಟ ಹಿಡಿದಿದ್ದರು. ಕಾಕಾ ಒಲ್ಲೆನೆಂದು ರೇಗಿ, ಊಟದ ಡಬ್ಬಿ ಬಿಟ್ಟು ಕಚೇರಿಗೆ ಹೋಗಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ಮಧ್ಯಾಹ್ನವೇ ಕಾಕು ಕುಸಿದು ಬಿದ್ದು ತೀರಿಕೊಂಡರು. ಅಂದಿನಿಂದ ಕಾಕಾ ದಿನಾ ಆ ಮೈದಾನದ ಗೋಡೆಗುಂಟ ನಡೆದರೂ ಒಳಗೆ ಕಾಲಿಟ್ಟವರಲ್ಲ.

ಆ ಮಧ್ಯಾಹ್ನ ಕಾಕುವಿನ ಜೊತೆಗಿದ್ದವಳು ನಾನೊಬ್ಬಳೇ, ಎಂಟು ವರ್ಷದವಳು. "ಅವರ ಮುಂದ ಆ ದಿನದ ಮಾತು ತೆಗೀಬ್ಯಾಡ, ಪ್ರಫುಲ್ಲಾ," ಎಂದು ಅವ್ವ ಬಾಯಿ ಮುಚ್ಚಿಸಿದ್ದಳು. ಹಿರಿಯರ ಈ ಜಾಣತನಕ್ಕೆ ಬೆಂಕಿ ಬೀಳಲಿ.

ಮುಂದಿನ ಭಾನುವಾರ ನೋಟುಬುಕ್ಕನ್ನು ಅವರ ಮುಂದಿಟ್ಟೆ. ಕಾಕು ನನ್ನ ಜಡೆ ಹೆಣೆಯುತ್ತಿದ್ದರು. ಹಾಡು ಗುನುಗುತ್ತಿದ್ದರು. ಸಂದೂಕದಿಂದ ಇಳಕಲ್ ಸೀರೆ ತೆಗೆಯುತ್ತಿದ್ದರು. ನಿಮ್ಮನ್ನು ಬೈಯುತ್ತಿದ್ದರು. ಬೈಯುತ್ತ ನಗುತ್ತಿದ್ದರು. ಹೀಗೇ ಹತ್ತು.

ಕಾಕಾ ಓದಿದರು, ಮತ್ತೆ ಓದಿದರು. ಪೆನ್ಸಿಲ್ ಕೈಯಲ್ಲೇ ಉಳಿಯಿತು.

"ಏನಂತ ಬೈತಿದ್ಲು?"

"'ಸಂಜೀಗೆ ಬರಲಿ, ಸೀರಿ ಉಟ್ಟು ಬಾಗಲದಾಗ ನಿಂತಿರ್ತೀನಿ. ಹ್ಯಾಂಗ ಒಲ್ಲೆ ಅಂತಾರ ನೋಡೋಣು' ಅಂತಿದ್ರು ಕಾಕಾ. ನನ್ನನ್ನೂ ಕರಕೊಂಡು ಹೋಗ್ತೀನಿ ಅಂದಿದ್ರು."

"ಯಾವ ಸೀರಿ?"

"ಹಸರು. ಕೆಂಪು ಅಂಚಿಂದು."

ಅವರು ಅತ್ತರು. ಮುಚ್ಚಿಡಲಿಲ್ಲ. ನಾನೂ ಅತ್ತೆ. ಆಮೇಲೆ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, "ನುಮಾಯಿಷ್ ಇನ್ನೂ ನಡದದೇನು?" ಎಂದರು.

"ನಡದದ ಕಾಕಾ."

"ಹಂಗಾರ ನಿಮ್ಮ ಅವ್ವಗ ಹೇಳಿ ಬಾ. ಹೋಗೂಣು."

ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಈಗ ಓದಿದರೆ ಎಂಟು ತಪ್ಪಾದರೂ ಕಾಣುತ್ತವೆ. ಒಂದಕ್ಕೂ ಕೆಂಪು ಗೆರೆ ಬಿದ್ದಿಲ್ಲ.