ನಾದಿನಿಯ ಕಳ್ಳದಾರಿ

ನೀರು ಸರಬರಾಜು ಕೇಂದ್ರದಲ್ಲಿ ಪಂಪು ನಡೆಸುವವಳನ್ನು ಬೀದಿಯವರೆಲ್ಲ ಪಂಪಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ಗಂಟಲೂ ಜೋರು. ಗುಟ್ಟು ಹೇಳಿದರೂ ಎರಡು ಮನೆಯಾಚೆ ಕೇಳಿಸುತ್ತಿತ್ತು.

ಪಂಪುಮನೆಯ ಹಿಂದಿನ ಇಳಿಜಾರಿನಲ್ಲಿ ಹಸಿರು ಬೆನ್ನಿನ, ಕಿರುಬೆರಳ ಉಗುರಿನಷ್ಟು ಪುಟ್ಟ ಹುಳುಗಳು ಸರಸರ ಓಡುವುದನ್ನು ಆಕೆ ಮೊದಲಿನಿಂದಲೂ ನೋಡಿದ್ದಳು. ಒಂದು ದಿನ ಕಾಲೇಜಿನ ಕೀಟಶಾಸ್ತ್ರದ ಮೇಡಂ ಅಲ್ಲಿ ಮಂಡಿಯೂರಿ ಕೂತು, "ಅಕ್ಕಾ, ನಮಗೆ ಗೊತ್ತಿರೋ ಮಟ್ಟಿಗೆ ಇದು ಇರೋದು ಇಲ್ಲಿ ಮಾತ್ರ. ಬದುಕೋಕೆ ಇದಕ್ಕೆ ಏನೇನು ಬೇಕು ಅಂತ ಯಾರಿಗೂ ಸರಿಯಾಗಿ ತಿಳಿದಿಲ್ಲ" ಅಂದಾಗ ಪಂಪಕ್ಕನ ಎದೆ ಉಬ್ಬಿತು. ಇಳಿಜಾರಿನ ಸುತ್ತ ತಂತಿ ಬೇಲಿ ಎದ್ದಿತು. ಬೀಗದ ಕೈ ಪಂಪಕ್ಕನ ಸೊಂಟ ಸೇರಿತು.

ಅಂದಿನಿಂದ ಆಕೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಲಿಲ್ಲ. ಹೊಲಿಗೆ ಕಾರ್ಖಾನೆಗೆ ಆ ಇಳಿಜಾರನ್ನೇ ಹಾಯ್ದು ಹೋಗುತ್ತಿದ್ದ ಹೆಂಗಸರನ್ನೆಲ್ಲ, ಅವರಲ್ಲೊಬ್ಬಳಾದ ಸ್ವಂತ ನಾದಿನಿಯನ್ನೂ ತಡೆದಳು.

"ಹುಳಕ್ಕಿರೋ ಮರ್ಯಾದೆ ನನಗಿಲ್ವಲ್ಲ ಅತ್ತಿಗೆ!" ಎಂದು ನಾದಿನಿ ಮೂತಿ ತಿರುವಿದಳು. ಒಂದೇ ಸೂರಿನಡಿ ಇದ್ದೂ ಇಬ್ಬರ ನಡುವೆ ಬೇಕು-ಬೇಡ ಎನ್ನುವಷ್ಟೇ ಮಾತು ಉಳಿಯಿತು.

ಮೇಡಂ ಮತ್ತು ಅವರ ಕಡೆಯವರು ನಡೆಸಿದ ಮೊದಲ ವರ್ಷದ ಎಣಿಕೆಯಲ್ಲಿ ನಲವತ್ತೊಂದು ಹುಳು. ಮರುವರ್ಷ ಒಂಬತ್ತು. ಮೂರನೆಯ ವರ್ಷ, ಮೊಣಕಾಲೆತ್ತರದ ಹುಲ್ಲಿನಲ್ಲಿ ಐದು ದಿನ ತಡಕಾಡಿದರೂ ಒಂದೂ ಇಲ್ಲ. ಮೇಡಂ ಪಂಪುಮನೆಯ ಮೆಟ್ಟಿಲ ಮೇಲೆ ಕುಳಿತು ಎಣಿಕೆಯ ಪುಸ್ತಕದಲ್ಲಿ ಸೊನ್ನೆ ಬರೆದರು. ಪಂಪಕ್ಕ ಸೊಂಟದ ಬೀಗದ ಕೈಯನ್ನೇ ನೋಡಿಕೊಂಡಳು. ತನ್ನ ಕಾವಲಿನಲ್ಲೇ ಒಂದು ವಂಶ ನಿರ್ವಂಶವಾಯಿತಲ್ಲ!

ಅತ್ತಿಗೆ ಉಣ್ಣದೆ ತಟ್ಟೆ ಸರಿಸಿ ಏಳುವುದನ್ನು ಎರಡು ದಿನ ನೋಡಿದ ನಾದಿನಿ ಮೂರನೆಯ ದಿನ ಬಾಯಿಬಿಟ್ಟಳು.

"ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ."

"ಬೈಯೋಕೂ ತ್ರಾಣ ಇಲ್ಲ ಕಣೇ, ಹೇಳು."

"ಆ ಹಸಿರು ಹುಳ ಇವತ್ತೂ ನೋಡ್ದೆ. ಕೆಳಗಿನ ಮೂಲೇಲಿ, ಪೊದೆ ಹಿಂದೆ. ಅಲ್ಲಿ ತಂತಿ ಸಡಿಲ ಇದೆ... ಮೂರು ವರ್ಷದಿಂದ ನಾನು ಅಲ್ಲೇ ನುಸುಳ್ಕೊಂಡು ಹೋಗ್ತಿದ್ದೀನಿ."

ಪಂಪಕ್ಕ ಚಪ್ಪಲಿ ಮೆಟ್ಟಿದಳು. "ಏಳು, ತೋರ್ಸು ನಡಿ!"

ಎಣಿಕೆಯವರು ಇಣುಕದ ಆ ಮೂಲೆಯಲ್ಲಿ, ನಾದಿನಿಯ ಚಪ್ಪಲಿ ಸವೆಸಿದ ಗೇಣಗಲದ ಬೋಳು ನೆಲದ ಮೇಲೆ ಆರು ಹುಳು ಓಡಾಡುತ್ತಿದ್ದವು. ನೆಲದ ತುಂಬ ಪೆನ್ಸಿಲ್ ಮೊನೆಯಿಂದ ಚುಚ್ಚಿದಂಥ ತೂತುಗಳು. ಫೋನು ಮಾಡಿದ ತಕ್ಷಣ ಓಡಿ ಬಂದ ಮೇಡಂ ತೂತಿನೊಳಗೆ ಹುಲ್ಲುಕಡ್ಡಿ ಇಳಿಸಿದರು. ಮರಿಹುಳುವೊಂದು ಅದನ್ನು ಕಚ್ಚಿ ಹಿಡಿಯಿತು.

"ಇವು ಬಿಲ ತೋಡೋಕೆ ತುಳಿದ ಬೋಳು ನೆಲವೇ ಬೇಕು ಅನ್ಸುತ್ತೆ. ನಾವು ಹುಲ್ಲು ಬೆಳೆಯೋಕೆ ಬಿಟ್ಟು ಬಾಗಿಲು ಮುಚ್ಚಿಬಿಟ್ವಿ. ತಪ್ಪು ನಂದು ಅಕ್ಕಾ, ನಿಮ್ಮದಲ್ಲ."

ಪಂಪಕ್ಕ ಅಲ್ಲೇ ಕುಕ್ಕರಿಸಿ ನಕ್ಕಳು, ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡಳು. ಎದೆಯ ಮೇಲಿನ ಬಂಡೆ ಇಳಿದಿತ್ತು. ನಾದಿನಿಯ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನಿನ್ನ ಕಳ್ಳಬುದ್ಧಿಗೆ ನೂರು ವರ್ಷ ಆಯಸ್ಸು!" ಎಂದಳು.

ಮೇಡಂ ಅವಸರ ಮಾಡಲಿಲ್ಲ. ಅರ್ಧ ಇಳಿಜಾರಿನ ಹುಲ್ಲು ಕೀಳಿಸಿ ದಾರಿ ತೆರೆದರು, ಇನ್ನರ್ಧವನ್ನು ಹೋಲಿಸಿ ನೋಡಲೆಂದು ಹಾಗೇ ಬಿಟ್ಟರು. ಪಂಪಕ್ಕ ಕಾರ್ಖಾನೆಯ ಗೇಟಿನಲ್ಲಿ ನಿಂತು, "ಎಲ್ರೂ ಈ ಕಡೆಯಿಂದಾನೇ ಬನ್ರಮ್ಮಾ!" ಎಂದು ಕೂಗಿದಳು.

ಎರಡು ವರ್ಷ ಕಳೆದ ಮೇಲೆ ಹುಲ್ಲಿನ ಭಾಗದಲ್ಲಿ ಸೊನ್ನೆ. ತುಳಿದ ಭಾಗ ಎಣಿಸಿ ಮೇಡಂ, "ಇಪ್ಪತ್ತಾರು!" ಎಂದರು. ಪಂಪಕ್ಕ ನಂಬದೆ ತಾನೇ ಬಗ್ಗಿ ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೇಳಾಯಿತು.